ಕೆಂಪು ತೋರಿಸಿದ ಎರಡು ಹಲ್ಲು

ಗದಗ ರಸ್ತೆಯ ಕಲ್ಯಾಣಮಂಟಪದ ಮುಂದೆ ಬ್ಯಾಂಡಿನವರು ಕೊನೆಯ ಹಾಡು ಎತ್ತಿಕೊಂಡಿದ್ದರು. ವರನ ಕಡೆಯ ಹುಡುಗರು ಬಿಸಿಲನ್ನೂ ಲೆಕ್ಕಿಸದೆ ಕುಣಿಯುತ್ತಿದ್ದರು. ಕ್ಲಾರ್ನೆಟ್ ಊದುತ್ತಿದ್ದ ದುರ್ಗಪ್ಪ ಭಜಂತ್ರಿಯ ಅಂಗಿಯ ಜೇಬಿನಲ್ಲಿ ಫೋನು ನಡುಗಿತು. ಅವನಿಗೆ ಯಾಕೆಂದು ಗೊತ್ತಿತ್ತು. ಹಾಡು ಮುಗಿಯುವವರೆಗೆ ತಡೆದು, ವಾದ್ಯವನ್ನು ಕಂಕುಳಲ್ಲಿ ಇರುಕಿಕೊಂಡು ಫೋನು ತೆಗೆದು ನೋಡಿದ. ಪರದೆಯ ಮೇಲೆ ಒಂದು ಹಲ್ಲಿನ ಚಿತ್ರ, ಅದರ ಬೇರಿನ ತುದಿಯಲ್ಲಿ ಕೆಂಪು ಚುಕ್ಕೆ. ಇದೇ ಸುದ್ದಿ ಅದೇ ಹೊತ್ತಿಗೆ ಹಳೇ ಹುಬ್ಬಳ್ಳಿಯ ಮನೆಯಲ್ಲಿ ಅವನ ಹೆಂಡತಿ ಹುಲಿಗೆವ್ವನ ಫೋನಿಗೂ ಹೋಗಿರುತ್ತದೆ ಎಂದು ನೆನಪಾಗಿ ಅವನ ಮುಖ ಸಣ್ಣಗಾಯಿತು.

ಹಲ್ಲುಗಳು ಸುದ್ದಿ ಕಳಿಸಲು ಶುರುಮಾಡಿ ಕೆಲವು ವರ್ಷಗಳಾಗಿದ್ದವು. ಹುಳುಕು ಒಳಗಿನ ನರದವರೆಗೆ ಇಳಿದ ಹಲ್ಲಿಗೆ ರೂಟ್ ಕೆನಾಲ್ ಮಾಡುವುದು ಹಳೆಯ ಪದ್ಧತಿಯೇ. ಬೇರಿನ ಒಳಗಿರುವ ಸಣ್ಣ ನಾಳವನ್ನು ಕೆರೆದು, ತೊಳೆದು, ಕೊಳೆತದ್ದನ್ನೆಲ್ಲ ತೆಗೆದು, ರಬ್ಬರಿನಂಥ ಪದಾರ್ಥವನ್ನು ತುಂಬಿ ಮುಚ್ಚುತ್ತಾರೆ. ಆಮೇಲೆ ಬೇರಿನ ತುದಿಯ ಸುತ್ತ ಕರಗಿಹೋದ ಎಲುಬು ನಿಧಾನವಾಗಿ ಮತ್ತೆ ಬೆಳೆಯಬೇಕು. ಬೆಳೆಯಿತೋ ಇಲ್ಲವೋ ಎಂಬುದು ಮೊದಲು ತಿಂಗಳುಗಟ್ಟಲೆ ಕಾದು ಎಕ್ಸ್‌ರೇ ತೆಗೆದಾಗ ಮಾತ್ರ ತಿಳಿಯುತ್ತಿತ್ತು. ಈಗ ತುಂಬುವ ಪದಾರ್ಥದ ಜೊತೆ ಕೂದಲೆಳೆಯಂಥ ಒಂದು ದಾರವನ್ನೂ ಇಳಿಸುತ್ತಿದ್ದರು. ಉರಿಯೂತವಿದ್ದಾಗ ಅಂಗಾಂಶದಿಂದ ಒಸರುವ ರಸಗಳನ್ನು ಆ ದಾರದ ತುದಿ ಗುರುತಿಸುತ್ತಿತ್ತು. ಗಾಯ ಮಾಯುತ್ತಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ದಾರಕ್ಕೆ ಬ್ಯಾಟರಿ ಇರಲಿಲ್ಲ. ಹಲ್ಲಿನ ಮೇಲೆ ಒತ್ತಡ ಬಿದ್ದಾಗ ಅದರಿಂದಲೇ ತನಗೆ ಬೇಕಾದಷ್ಟು ವಿದ್ಯುತ್ತು ಹುಟ್ಟಿಸಿಕೊಂಡು ಸುದ್ದಿ ಕಳಿಸುತ್ತಿತ್ತು.

ಸಕ್ಕರೆ ಕಾಯಿಲೆ ಇದ್ದವರಿಗೆ ಈ ದಾರವನ್ನು ‘ದಂತರಕ್ಷೆ’ ಎಂಬ ಯೋಜನೆ ಕಡ್ಡಾಯ ಮಾಡಿತ್ತು. ಅವರಲ್ಲಿ ಗಾಯ ಮಾಯುವುದು ಕಷ್ಟ, ಸೋಂಕು ಹರಡುವುದು ಸುಲಭ. ವರ್ಷ ಕಳೆದ ಮೇಲೂ ಕೆಂಪು ಮತ್ತೆ ಮತ್ತೆ ಬಂದರೆ ಯೋಜನೆಯ ಯಂತ್ರ ತಾನೇ ತೀರ್ಮಾನ ಮಾಡಿ ಹಲ್ಲು ಕೀಳಲು ದಿನ ಗೊತ್ತುಮಾಡುತ್ತಿತ್ತು.

ದುರ್ಗಪ್ಪನಿಗೂ ಸಕ್ಕರೆ ಕಾಯಿಲೆಯಿತ್ತು. ದಾರ ಇಳಿಸಿದ್ದ ಅವನ ಹಲ್ಲು ಮೇಲಿನ ಸಾಲಿನ ನಡುವಿನದು. ಕ್ಲಾರ್ನೆಟ್ಟಿನ ಬಾಯಿ ಕೂರುವುದೇ ಅದರ ಮೇಲೆ.

ಸಂಜೆ ಮನೆಗೆ ಬಂದಾಗ ಹುಲಿಗೆವ್ವ ಹೊಸ್ತಿಲ ಬಳಿಯೇ ಕೂತಿದ್ದಳು.

"ಇವತ್ತ ಏನ್ ಬಡಿಸಿದ್ರು?"

"ನಾ ಉಂಡಿಲ್ಲ. ನೀ ಕಟ್ಟಿಕೊಟ್ಟ ರೊಟ್ಟೀನ ತಿಂದೀನಿ."

"ಹಂಗಾರ ಹಲ್ಲು ಯಾಕ ಕೆಂಪಾತು? ಮದಿವಿ ಇಲ್ಲದ ದಿನಾ ತಣ್ಣಗ ಇರತೈತಿ. ಮದಿವಿ ಬಂತಂದ್ರ ಕೆಂಪ. ಜಿಲೇಬಿ ಕಂಡ್ರ ನಿಮಗ ತಡಿಯಾಕ ಆಗಂಗಿಲ್ಲ."

"ಹುಲಿಗಿ, ನಿನ್ನಾಣೆ. ಮುಟ್ಟಿಲ್ಲ."

"ನನ್ನ ಆಣಿ ಮಾಡಬ್ಯಾಡ್ರಿ. ನಾ ಇನ್ನೂ ಬಾಳದಿನ ಬದುಕಬೇಕು."

ಅವಳ ಮಾತಿನಲ್ಲಿ ನ್ಯಾಯವಿತ್ತು. ಮದುವೆ ಇದ್ದ ದಿನ ಮಾತ್ರ ಕೆಂಪು ಬರುತ್ತಿತ್ತು. ದುರ್ಗಪ್ಪನಿಗೂ ಅದೇ ಬಿಡಿಸಲಾಗದ ಒಗಟಾಗಿತ್ತು. ಮೊದಮೊದಲು ಪಾಯಸ ಬಿಟ್ಟ, ಆಮೇಲೆ ಮಂಟಪದ ಅನ್ನ ಬಿಟ್ಟ, ಕಡೆಗೆ ಅಲ್ಲಿಯ ಚಹಾ ಕೂಡ ಬಿಟ್ಟ. ಆದರೂ ಕೆಂಪು ತಪ್ಪಲಿಲ್ಲ. ತಾನು ತಿಂದು ಮರೆಯುತ್ತಿದ್ದೇನೆಯೇ ಎಂಬ ಅನುಮಾನ ಅವನಿಗೆ ಬರತೊಡಗಿತು. ಬ್ಯಾಂಡಿನ ಗೆಳೆಯರನ್ನು ಕರೆದು, "ನಾ ಏನರ ಬಾಯಾಗ ಹಾಕ್ಕೊಂಡ್ರ ನನಗ ಹೇಳ್ರಪಾ" ಎಂದು ಕೇಳಿಕೊಂಡ. ಅವರು ನಕ್ಕರು. ಅವನಿಗೆ ನಗು ಬರಲಿಲ್ಲ.

ಮರುದಿನ ಹಲ್ಲು ಕೀಳುವ ಆದೇಶ ಬಂತು.

ಹಲ್ಲು ಹೋದರೆ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಈಗ ಹೆಚ್ಚಿನ ಮದುವೆಗಳಲ್ಲಿ ವಾದ್ಯದ ಗಾಡಿಯೊಂದು ತಾನೇ ಚಲಿಸುತ್ತ, ತಾನೇ ನುಡಿಸುತ್ತ ಮೆರವಣಿಗೆಯ ಮುಂದೆ ಹೋಗುತ್ತಿತ್ತು. ಉಸಿರಿನಿಂದ ಊದುವ ಬ್ಯಾಂಡು ಬೇಕೆನ್ನುವ ಮನೆತನಗಳು ಕೆಲವೇ ಉಳಿದಿದ್ದವು. ಅವರಿಗೆ ಬೇಕಾಗಿದ್ದುದು ದುರ್ಗಪ್ಪನ ಕ್ಲಾರ್ನೆಟ್. ಕಟ್ಟಿಸಿದ ಹಲ್ಲಿನಲ್ಲಿ ಊದಲು ಅವನ ಅಣ್ಣ ನೋಡಿದ್ದ. ನಾದ ತಲೆಬುರುಡೆಗೆ ಏರುವುದಿಲ್ಲ, ಸುರ ಹತ್ತಿದೆಯೋ ಜಾರಿದೆಯೋ ತಿಳಿಯುವುದಿಲ್ಲ ಎಂದು ಒಂದು ವರ್ಷದಲ್ಲಿ ವಾದ್ಯವನ್ನು ಗೋಡೆಗೆ ತೂಗುಹಾಕಿದ್ದ.

*

ಹುಬ್ಬಳ್ಳಿಯ ದಂತ ಆಸ್ಪತ್ರೆಯಲ್ಲಿ ಡಾ. ಮಂದಾಕಿನಿ ಪತ್ತಾರ ಬೇರಿನ ಚಿಕಿತ್ಸೆಯ ತಜ್ಞೆ. ಕೀಳುವ ಆದೇಶದ ಮೇಲೆ ಅವಳ ಸಹಿ ಬೀಳಬೇಕಾಗಿತ್ತು. ಸಾಮಾನ್ಯವಾಗಿ ಅದೊಂದು ಶಾಸ್ತ್ರ. ಆ ದಿನ ಅವಳು ದುರ್ಗಪ್ಪನನ್ನು ಕುರ್ಚಿಯಲ್ಲಿ ಮಲಗಿಸಿ, ಸಣ್ಣ ಕನ್ನಡಿಯ ಹಿಡಿಯಿಂದ ಹಲ್ಲನ್ನು ಮೆಲ್ಲಗೆ ತಟ್ಟಿದಳು.

"ನೋಯ್ತದೇನ್ರಿ?"

"ಇಲ್ರಿ ಡಾಕ್ಟರ್ ಬಾಯಾರ."

"ಇಲ್ಲಿ ಒತ್ತಿದ್ರ?"

"ಇಲ್ರಿ."

ಒಸಡು ಗಟ್ಟಿಯಾಗಿತ್ತು. ಬಾವು, ಕೀವು ಯಾವುದೂ ಇರಲಿಲ್ಲ. ಹೊಸ ಎಕ್ಸ್‌ರೇ ತೆಗೆದು ಹಳೆಯದರ ಪಕ್ಕದಲ್ಲಿಟ್ಟಳು. ಬೇರಿನ ತುದಿಯಲ್ಲಿ ಮಸೂರಕಾಳಿನಂಥ ಕಪ್ಪು ನೆರಳು ಮೊದಲೂ ಇತ್ತು, ಈಗಲೂ ಇತ್ತು. ಸ್ವಲ್ಪ ಚಿಕ್ಕದಾಗಿದೆಯೇ? ಕಣ್ಣು ಕಿರಿದು ಮಾಡಿ ನೋಡಿದರೆ ಹಾಗೆ ಕಾಣುತ್ತಿತ್ತು, ಅಗಲ ಮಾಡಿ ನೋಡಿದರೆ ಇಲ್ಲ.

ಪಕ್ಕದ ಕುರ್ಚಿಯಲ್ಲಿ ಪದ್ಮಾವತಿ ಉಪಾಧ್ಯೆ ಕೂತಿದ್ದರು. ಕನ್ಯಾ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಊರಿನ ಅರ್ಧ ಹೆಣ್ಣುಮಕ್ಕಳಿಗೆ ಅವರು ‘ಅಕ್ಕೋರು’. ಕತ್ತಲಾಗುವ ಮುಂಚೆ ಊಟ, ಊರು ಏಳುವ ಮುಂಚೆ ನಡಿಗೆ, ಹೊತ್ತಿಗೆ ಸರಿಯಾಗಿ ಮಾತ್ರೆ. ಅವರ ಸಕ್ಕರೆ ಎಂದೂ ಹತೋಟಿ ತಪ್ಪಿದ್ದಿಲ್ಲ. ಮಂದಾಕಿನಿಯೇ ರೂಟ್ ಕೆನಾಲ್ ಮಾಡಿದ್ದ ಅವರ ಕೆಳಗಿನ ದವಡೆಹಲ್ಲಿಗೂ ಕೆಂಪು ಬಂದಿತ್ತು. ಅವರಿಗೂ ನೋವಿರಲಿಲ್ಲ. ಅವರ ಎಕ್ಸ್‌ರೇಯಲ್ಲೂ ಅಂಥದೇ ನೆರಳು.

"ನನ್ನ ಸಕ್ಕರಿ ಸರಿ ಅದ. ಹಲ್ಲು ಯಾಕ ಸರಿ ಇಲ್ಲ?" ಎಂದು ಪದ್ಮಾವತಿ ಕೇಳಿದರು. ತಪ್ಪು ಲೆಕ್ಕ ಮಾಡಿದ ಹುಡುಗಿಯನ್ನು ಕೇಳುವ ಹಾಗಿತ್ತು ಆ ಪ್ರಶ್ನೆ.

ಮಂದಾಕಿನಿ ಎರಡೂ ಆದೇಶಗಳಿಗೆ ಸಹಿ ಹಾಕಲಿಲ್ಲ. ಎರಡು ದಿನ ಬಿಟ್ಟು ಬರಲು ಹೇಳಿ, ಆಸ್ಪತ್ರೆಯ ಮೇಲಿನ ಮಹಡಿಗೆ ಹೋದಳು.

ಆ ಮಹಡಿಯಲ್ಲಿ ಯೋಜನೆಯ ನಿಯಂತ್ರಣ ಕೊಠಡಿಯಿತ್ತು. ಬೀದರದಿಂದ ಕಾರವಾರದವರೆಗಿನ ಹಲ್ಲುಗಳ ಸುದ್ದಿ ಅಲ್ಲಿಗೆ ಬಂದು ಬೀಳುತ್ತಿತ್ತು. ಗೋಡೆಯ ತುಂಬ ಹಸಿರು, ಕೆಂಪು ಚುಕ್ಕೆಗಳು. ಊಟದ ಹೊತ್ತಿಗೆ, ಜನ ಅಗಿಯಲು ಶುರುಮಾಡಿದಾಗ, ಆ ಗೋಡೆ ಹಬ್ಬದ ದೀಪಗಳ ಹಾಗೆ ಮಿನುಗುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಇನಾಯತ್ ಕಿತ್ತೂರ ಎಂಬ ಎಂಜಿನಿಯರು.

"ಇನಾಯತ್, ದಾರ ಏನಾರ ತಪ್ಪು ಹೇಳಾಕತ್ತದೇನು?"

"ದಾರ ತಪ್ಪು ಹೇಳಂಗಿಲ್ಲ ಮೇಡಂ. ಉರಿಯೂತ ಐತಿ ಅಂದ್ರ ಐತಿ." ಅವನು ದುರ್ಗಪ್ಪನ ಸುದ್ದಿಗಳನ್ನು ಪರದೆಗೆ ತಂದು ನೋಡಿದ. "ಆದ್ರ ಇವರದೊಂದು ವಿಚಿತ್ರ ಐತಿ ನೋಡ್ರಿ. ಎಷ್ಟೋ ದಿನ ಸುದ್ದೀನ ಇಲ್ಲ. ಹಸಿರೂ ಇಲ್ಲ, ಕೆಂಪೂ ಇಲ್ಲ. ಆಮ್ಯಾಲ ಒಂದs ದಿನದಾಗ ರಾಶಿ ಕೆಂಪು. ಏನ್ ಕೆಲಸ ಮಾಡ್ತಾರ ಇವರು?"

"ಕ್ಲಾರ್ನೆಟ್ ಊದ್ತಾರ. ಮದುವಿಯೊಳಗ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಹಲ್ಲಿನಿಂದ ಕಡಿಯಬೇಡಿ ಎಂದು ಮಂದಾಕಿನಿಯೇ ದುರ್ಗಪ್ಪನಿಗೆ ಹೇಳಿದ್ದಳು. ಹಾಗಾಗಿ ಬೇರೆ ದಿನ ಆ ಹಲ್ಲಿನ ಮೇಲೆ ಒತ್ತಡವೇ ಬೀಳುತ್ತಿರಲಿಲ್ಲ, ದಾರ ಎಚ್ಚರವಾಗುತ್ತಿರಲಿಲ್ಲ. ಮದುವೆಯ ದಿನ ವಾದ್ಯ ಹಲ್ಲಿಗೆ ಒತ್ತಿದಾಗ ಮಾತ್ರ ಅದು ಎದ್ದು ಮಾತಾಡುತ್ತಿತ್ತು. ಕೆಂಪು ಮದುವೆಯಿಂದ ಬಂದದ್ದಲ್ಲ. ಕೆಂಪು ಎಲ್ಲ ದಿನವೂ ಇತ್ತು, ಹೇಳುವುದಕ್ಕೆ ಮದುವೆ ಬೇಕಾಗಿತ್ತು.

ಒಂದು ಗೊಂದಲ ಬಗೆಹರಿಯಿತು. ಆದರೆ ಅದರ ಹಿಂದೆ ಇನ್ನೂ ದೊಡ್ಡದು ನಿಂತಿತ್ತು. ಎಲ್ಲ ದಿನವೂ ಉರಿಯೂತವಿರುವ ಹಲ್ಲು ನೋಯುತ್ತಿಲ್ಲ ಯಾಕೆ?

"ಕೆಂಪು ಅಂದ್ರ ಹಲ್ಲು ಕೆಟ್ಟದ ಅಂತ ಯಂತ್ರಕ್ಕ ಕಲಿಸಿದವರು ಯಾರು?" ಎಂದು ಮಂದಾಕಿನಿ ಕೇಳಿದಳು.

"ಮೊದಲನೇ ಪ್ರಯೋಗದ ರೋಗಿಗಳಿಂದ ಕಲಿತದ್ದು ಮೇಡಂ. ಒಂದು ವರ್ಷ ಆದಮ್ಯಾಲೂ ಉರಿಯೂತ ಉಳಿದಿದ್ರ, ಆ ಹಲ್ಲು ಸೋತದ್ದು ಅಂತ ಲೆಕ್ಕ."

"ಸಕ್ಕರಿ ಇದ್ದವರದೂ?"

"ಅವರು ಬಾಳ ಮಂದಿ ಇರಲಿಲ್ಲ. ಇದ್ದವರದೂ ಅದs ಲೆಕ್ಕ. ವರ್ಷ ಆದಕೂಡ್ಲೆ ಅಂಥಾ ಹಲ್ಲು ಕಿತ್ತರು."

"ಕೀಳದs ಇನ್ನೊಂದು ವರ್ಷ ಬಿಟ್ಟಿದ್ರ?"

ಇನಾಯತ್ ಕನ್ನಡಕ ತೆಗೆದು ಒರೆಸಿದ. "ಕಿತ್ತ ಹಲ್ಲು ಮುಂದ ವಾಸಿ ಆಗ್ತಿತ್ತೋ ಇಲ್ಲೋ, ಹೆಂಗ ಗೊತ್ತಾಗಬೇಕ್ರಿ?"

ಮಂದಾಕಿನಿ ಕುರ್ಚಿಯೊಂದನ್ನು ಎಳೆದುಕೊಂಡು ಕೂತಳು. ಸಕ್ಕರೆ ಕಾಯಿಲೆಯವರಲ್ಲಿ ಸಣ್ಣ ರಕ್ತನಾಳಗಳು ಕಿರಿದಾಗುತ್ತವೆ, ಸೋಂಕಿನೊಡನೆ ಹೋರಾಡುವ ಬಿಳಿಯ ಕಣಗಳು ಜಡವಾಗುತ್ತವೆ, ಎಲುಬು ಕಟ್ಟುವ ಕೆಲಸ ಕುಂಟುತ್ತದೆ. ಅವರ ಹಲ್ಲಿನ ಬೇರು ಮಾಯುವುದು ತಡ ಎಂಬುದು ಅವಳು ಓದಿದ ವಿಷಯವೇ. ತಡವಾಗುವುದನ್ನು ಆಗದೇ ಹೋಗುವುದೆಂದು ಯಂತ್ರ ತಿಳಿದುಕೊಂಡಿದ್ದರೆ? ಹಾಗೆ ತಿಳಿದು ಕೀಳಿಸುತ್ತ, ಕಿತ್ತದ್ದನ್ನೆಲ್ಲ ಸೋಲೆಂದು ಎಣಿಸುತ್ತ, ಆ ಎಣಿಕೆಯಿಂದ ಮತ್ತೆ ಕಲಿಯುತ್ತ ಹೋಗಿದ್ದರೆ? ಇದು ಬರೀ ಊಹೆ ಎಂದೂ ಅವಳಿಗೆ ಗೊತ್ತಿತ್ತು. ಆ ಹಲ್ಲುಗಳು ನಿಜವಾಗಿ ಸೋತವುಗಳೇ ಇರಬಹುದು. ಅದನ್ನು ಹೇಳಬೇಕಾದ ಹಲ್ಲುಗಳು ಯಾವ ಬಾಯಲ್ಲೂ ಉಳಿದಿರಲಿಲ್ಲ.

*

ದುರ್ಗಪ್ಪ ಗಂಡಹೆಂಡತಿ ಇಬ್ಬರೂ ಬಂದರು. ಮದುವೆಯ ದಿನದ ಕೆಂಪಿನ ಗುಟ್ಟನ್ನು ಮಂದಾಕಿನಿ ಬಿಡಿಸಿ ಹೇಳಿದಾಗ ಹುಲಿಗೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹಂಗಾರ ಇಷ್ಟ ದಿನಾ ನಾ ಇವರಿಗೆ ಬೈದಿದ್ದೆಲ್ಲಾ ಸುಳ್ಳಿಗನ್ರಿ."

ದುರ್ಗಪ್ಪ ಗೆದ್ದವನಂತೆ ನೆಟ್ಟಗೆ ಕೂತ. ಒಂದು ಗಳಿಗೆ ಕಳೆದು ಏನೋ ಯೋಚಿಸಿ ತಲೆ ತಗ್ಗಿಸಿದ. "ಕುಂದಗೋಳದ ಮದಿವ್ಯಾಗ ಒಂದು ತಿಂದಿದ್ನಿ" ಎಂದ.

"ಒಂದs?"

"ಸಣ್ಣೂವು ಎರಡು."

ಹುಲಿಗೆವ್ವನ ಮುಖ ತಿಳಿಯಾಯಿತು. ತಾನು ಪೂರ್ತಿ ತಪ್ಪಿಲ್ಲ ಎಂಬುದು ಅವಳಿಗೆ ಸಮಾಧಾನ ತಂದಿರಬೇಕು.

ಕಾಯುವುದರಲ್ಲಿ ಅಪಾಯವೂ ಇದೆ ಎಂದು ಮಂದಾಕಿನಿ ಅವರಿಗೂ ಹೇಳಿದಳು, ಪದ್ಮಾವತಿಗೂ ಹೇಳಿದಳು. ಒಳಗಿನ ಸೋಂಕು ಕೆರಳಿದರೆ ಬಾವು ಕುತ್ತಿಗೆಗೆ ಇಳಿಯಬಹುದು. ಇಬ್ಬರೂ ಕಾಯಲು ಒಪ್ಪಿದರು. ದುರ್ಗಪ್ಪ ವಾದ್ಯಕ್ಕಾಗಿ ಒಪ್ಪಿದ. ಪದ್ಮಾವತಿ, "ನೀವು ಹೇಳಿದ ತರ್ಕ ನನಗ ಸರಿ ಅನಿಸ್ತು" ಎಂದು ಒಪ್ಪಿದರು. ತನ್ನ ಹೊಣೆಯಲ್ಲಿ ಎರಡೂ ಆದೇಶಗಳನ್ನು ತಡೆಹಿಡಿಯುವಂತೆ ಮಂದಾಕಿನಿ ಬರೆದುಕೊಟ್ಟಳು.

ಪದ್ಮಾವತಿಯವರ ಮುಖ ಊದಿಕೊಂಡದ್ದು ಆ ಮಳೆಗಾಲದ ಒಂದು ಬೆಳಿಗ್ಗೆ. ಮಧ್ಯಾಹ್ನದ ಹೊತ್ತಿಗೆ ಬಾಯಿ ತೆರೆಯದಾಯಿತು, ಜ್ವರ ಏರಿತು. ಸಂಜೆ ಅವರನ್ನು ದೊಡ್ಡಾಸ್ಪತ್ರೆಯ ತುರ್ತು ವಾರ್ಡಿಗೆ ಸೇರಿಸಿದರು. ಬಾವು ಗಂಟಲ ಕಡೆ ಸರಿಯುತ್ತಿತ್ತು. ಗದ್ದದ ಕೆಳಗೆ ಕೊಯ್ದು ಕೀವು ಹರಿಸಿ, ಹಲ್ಲು ತೆಗೆದರು. ಅಲ್ಲಿಯವರೆಗೆ ಹತೋಟಿಯಲ್ಲಿದ್ದ ಸಕ್ಕರೆ ಜ್ವರದಲ್ಲಿ ಕೈಮೀರಿ ಹೋಯಿತು. ಎರಡು ದಿನ ಅವರು ಉಳಿಯುತ್ತಾರೋ ಇಲ್ಲವೋ ಎಂಬಂತಿತ್ತು.

ಮಂದಾಕಿನಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಪದ್ಮಾವತಿಯವರ ತಂಗಿ ಎದುರಿನ ಬೆಂಚಿನಲ್ಲಿದ್ದರು. ಅವರು ಬೈಯಲಿಲ್ಲ. "ಮಷೀನು ಕೀಳಂತ ಹೇಳಿತ್ತಲ್ಲ?" ಎಂದಷ್ಟೇ ಕೇಳಿದರು. ಮಂದಾಕಿನಿ ಹೌದೆಂದಳು.

ಮೂರನೆಯ ದಿನ ಪದ್ಮಾವತಿಯವರ ಜ್ವರ ಇಳಿದ ಮೇಲೆ, ಕಿತ್ತ ಆ ಹಲ್ಲನ್ನು ಅವಳು ಇಸಿದುಕೊಂಡು ಬಂದು, ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ತನ್ನ ಕೆಲಸದಲ್ಲಿ ತಪ್ಪು ಸಿಕ್ಕೀತೆಂದು ಹುಡುಕಿದಳು, ಸಿಕ್ಕಿದ್ದರೆ ಹಗುರವಾಗುತ್ತಿತ್ತೇನೋ. ನಾಳಗಳೆಲ್ಲ ಚೊಕ್ಕಟವಾಗಿದ್ದವು, ತುದಿಯವರೆಗೂ ತುಂಬಿದ್ದವು. ಆದರೆ ಬೇರಿನ ಹೊರಮೈಯಲ್ಲಿ, ತುದಿಯ ಒಂದು ಪಕ್ಕಕ್ಕೆ, ಸೂಕ್ಷ್ಮಜೀವಿಗಳ ಗಟ್ಟಿ ಪಾಚಿಯೊಂದು ಅಂಟಿಕೊಂಡಿತ್ತು. ನಾಳದ ಒಳಗಿನಿಂದ ಎಷ್ಟು ತೊಳೆದರೂ ಅದಕ್ಕೆ ಔಷಧ ತಲುಪುವಂತಿರಲಿಲ್ಲ.

ಅವಳು ಇನಾಯತನನ್ನು ಕರೆದು ತೋರಿಸಿದಳು.

"ಅಂದ್ರ ಪಾಚಿ ಇದ್ದವರಿಗೆ ಕೀಳಬೇಕು, ಇಲ್ಲದವರಿಗೆ ಕಾಯಬೇಕು. ಉತ್ತರ ಸಿಕ್ತಲ್ಲ ಮೇಡಂ?"

"ದುರ್ಗಪ್ಪನವರ ಬೇರಿನ ಮ್ಯಾಲ ಪಾಚಿ ಅದನೋ ಇಲ್ಲೋ ನೋಡೂದು ಹೆಂಗ?"

"ದಾರದಾಗ ತಿಳಿಯಂಗಿಲ್ಲ. ಎಕ್ಸ್‌ರೇದಾಗ?"

"ಇಲ್ಲ."

"ಮತ್ತ?"

"ಕಿತ್ತು ನೋಡಬೇಕು."

ಹೊರಗೆ ಮಳೆ ಹಿಡಿದಿತ್ತು. ಇನಾಯತ್ ಇನ್ನೊಮ್ಮೆ ಕಣ್ಣಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದ, ಮೊದಲ ಸಲ ಕಾಣದ್ದು ಈಗ ಕಂಡೀತು ಎನ್ನುವ ಹಾಗೆ.

*

ಮಂದಾಕಿನಿ ದುರ್ಗಪ್ಪನಿಗೆ ತಾನೇ ಫೋನು ಮಾಡಿ ಕೂಡಲೇ ಬರಲು ಹೇಳಿದಳು. ಚಾಲಕನಿಲ್ಲದ ಟಂಟಂ ಆಟೋ ಹಿಡಿದು ಗಂಡಹೆಂಡತಿ ಬಂದಾಗ ಅವಳು ಅರಿವಳಿಕೆಯ ಸೂಜಿಯನ್ನೂ ಇಕ್ಕಳವನ್ನೂ ತಟ್ಟೆಯಲ್ಲಿ ಸಿದ್ಧವಾಗಿ ಇಟ್ಟಿದ್ದಳು. ನಡೆದದ್ದನ್ನು ಮುಚ್ಚಿಡದೆ ಹೇಳಿದಳು.

ದುರ್ಗಪ್ಪ ಕುರ್ಚಿಯಲ್ಲಿ ಒರಗಿ ಚಾವಣಿ ನೋಡುತ್ತಿದ್ದ. "ಬಾಯಾರ, ನನ್ನ ಹಲ್ಲಿನ್ಯಾಗ ಏನರ ಹೊಸಾದು ಕಂಡ್ರೇನ್ರಿ?"

"ಇಲ್ಲ."

"ಮತ್ತ ಆ ಅಕ್ಕೋರಿಗೆ ಹಂಗಾತಂತ ನನ್ನ ಹಲ್ಲು ಕೀಳ್ತೀರೇನ್ರಿ?"

ಮಂದಾಕಿನಿ ತಟ್ಟೆಯ ಮೇಲಿನ ಇಕ್ಕಳವನ್ನು ಸರಿಸಿಟ್ಟಳು. ತನಗೆ ಹೆದರಿಕೆಯಾಗಿದೆ ಎಂಬುದೊಂದೇ ನಿಜವಾದ ಕಾರಣ. ಹೆದರಿಕೆ ಕಾರಣವಲ್ಲ ಎನ್ನಲು ಧೈರ್ಯವಿರಲಿಲ್ಲ. ಆ ವಾರ್ಡಿನ ಬೆಂಚು ಅವಳ ಕಣ್ಣಮುಂದೆ ಇತ್ತು.

ಹುಲಿಗೆವ್ವ ಕುರ್ಚಿಯ ಪಕ್ಕಕ್ಕೆ ಬಂದಳು. "ಕೀಳಿಸ್ಕೋರಿ. ಹಲ್ಲಿಗಿಂತ ಜೀವ ದೊಡ್ಡದು. ನೀವು ಊದದಿದ್ರ ಊರಾಗ ಮದಿವಿ ನಿಲ್ಲಂಗಿಲ್ಲ."

"ಮದಿವಿ ನಿಲ್ಲಂಗಿಲ್ಲ, ಖರೆ. ನಾ ಏನ್ ಮಾಡ್ಲಿ ಆಮ್ಯಾಲ? ನಮ್ಮಣ್ಣನಂಗ ಗೋಡಿ ನೋಡ್ಕೋತ ಕುಂಡ್ರಲ್ಯಾ?"

"ಕುಂಡ್ರಿ. ಜೀವಂತ ಕುಂಡ್ರಿ. ನಾನೂ ಬಾಜೂಕ ಕುಂಡ್ರತೀನಿ."

ದುರ್ಗಪ್ಪ ಕೈ ಚಾಚಿ ಅವಳ ಮಣಿಕಟ್ಟು ಹಿಡಿದ.

ಕಡೆಗೆ ಮಂದಾಕಿನಿ ತಟ್ಟೆಯ ಮೇಲೆ ಬಟ್ಟೆ ಹೊದಿಸಿದಳು. "ಒಂದು ಕೆಲಸ ಮಾಡೂಣು. ಇಷ್ಟು ದಿನ ಮದುವಿ ಇದ್ದಾಗಷ್ಟ ನಿಮ್ಮ ಹಲ್ಲಿನ ಸುದ್ದಿ ಬರ್ತಿತ್ತು. ಇನ್ನ ದಿನಾ ಮುಂಜಾನೆ ಮನ್ಯಾಗ ಊದ್ರಿ. ಸುದ್ದಿ ದಿನಾ ಬರಲಿ. ಕೆಂಪು ಇದ್ರೂ ಇರಲಿ, ಅದರ ಮಟ್ಟ ಏರ್ತದೋ ಇಳೀತದೋ ನಾವು ನೋಡ್ತೀವಿ. ಹುಲಿಗೆವ್ವಾರ, ದಿನಾ ಇವರ ಜ್ವರ ನೋಡ್ರಿ, ಸಕ್ಕರಿ ನೋಡ್ರಿ, ಒಸಡು ಒತ್ತಿ ನೋಡ್ರಿ. ಚೂರು ಬಾವು ಕಂಡ್ರ ನನಗ ಫೋನ್ ಮಾಡ್ರಿ, ಅವತ್ತs ಕೀಳ್ತೀನಿ. ಇದು ಸರಿ ಅಂತ ನಾ ಹೇಳಂಗಿಲ್ಲ. ಇದಕ್ಕಿಂತ ಚಲೋದು ನನಗ ತೋಚವಲ್ದು."

ಹುಲಿಗೆವ್ವ ಬಹಳ ಹೊತ್ತು ಅವಳ ಮುಖವನ್ನೇ ನೋಡಿದಳು. "ನೀವs ಹಿಂಗಂದ್ರ ನಾವು ಯಾರನ್ನ ನಂಬೂದ್ರಿ?" ಎಂದಳು. ಆದರೆ ಜ್ವರ ನೋಡುವ ಸಾಧನವನ್ನು ಕೈಗೆ ತೆಗೆದುಕೊಂಡಳು.

ಮನೆಯಲ್ಲಿ ಊದುವುದನ್ನು ದುರ್ಗಪ್ಪ ಬಿಟ್ಟು ಯಾವ ಕಾಲವಾಗಿತ್ತೋ. ಮೊದಲ ದಿನ ಓಣಿಯ ಜನ ಯಾರ ಮನೆಯ ಮದುವೆ ಎಂದು ಬಾಗಿಲಿಗೆ ಬಂದು ನೋಡಿದರು. ಹುಲಿಗೆವ್ವ ಚಹಾದ ಪಾತ್ರೆ ಒಲೆಯ ಮೇಲಿಟ್ಟು, ಫೋನನ್ನು ಮಂಡಿಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಭೂಪಾಳಿ ರಾಗದ ಸುರಗಳು ಅಡುಗೆಮನೆಗೆ ಬರುತ್ತಿದ್ದವು, ಅವುಗಳ ಜೊತೆಗೇ ಪರದೆಯ ಮೇಲೆ ಕೆಂಪು. ಅಷ್ಟು ಇಂಪಾದದ್ದರ ಬುಡದಲ್ಲಿ ಅಂಥದೊಂದು ಚುಕ್ಕೆ ಇರುವುದು ಅವಳಿಗೆ ಅರ್ಥವಾಗುತ್ತಿರಲಿಲ್ಲ. ಊದಿ ಮುಗಿದ ಮೇಲೆ ಅವನ ಮೇಲ್ದುಟಿ ಎತ್ತಿ, ಹೆಬ್ಬೆರಳಿನಿಂದ ಒಸಡು ಒತ್ತುತ್ತಿದ್ದಳು. "ನೋಯ್ತೈತೇನು?" "ಇಲ್ಲ." "ಖರೆ ಹೇಳ್ರಿ." "ಖರೇನ ಇಲ್ಲ." ನೋವಿಲ್ಲ ಎಂದರೂ ಅವಳಿಗೆ ಹೆದರಿಕೆ. ಅಕ್ಕೋರಿಗೂ ನೋವಿರಲಿಲ್ಲವಲ್ಲ.

ಶ್ರಾವಣ ಕಳೆಯಿತು, ದೀಪಾವಳಿ ಕಳೆಯಿತು. ಕೆಂಪು ಹೋಗಲಿಲ್ಲ. ಅದರ ಮಟ್ಟ ಒಂದು ವಾರ ಇಳಿದರೆ ಮುಂದಿನ ವಾರ ಏರುತ್ತಿತ್ತು. ಇನಾಯತ್ ಗೀಟೆಳೆದು ಗೀಟೆಳೆದು ಬೇಸತ್ತ. ಹುಲಿಗೆವ್ವ ಎರಡು ಸಲ ಗಾಬರಿಯಾಗಿ ಫೋನು ಮಾಡಿದಳು. ಎರಡು ಸಲವೂ ನೆಗಡಿ. ಎರಡನೆಯ ಸಲ ಮಂದಾಕಿನಿಯ ಕೈ ಮತ್ತೆ ಇಕ್ಕಳದವರೆಗೂ ಹೋಗಿತ್ತು.

ಸಂಕ್ರಾಂತಿಯ ಆಚೆ ತೆಗೆದ ಎಕ್ಸ್‌ರೇಯಲ್ಲಿ ನೆರಳು ಸಾಸಿವೆಯಷ್ಟಾಗಿತ್ತು. ಮಂದಾಕಿನಿ ನಂಬದೆ ಇನ್ನೊಂದು ತೆಗೆದಳು. ಅದರಲ್ಲೂ ಅಷ್ಟೇ. ಬೇಸಿಗೆಯಲ್ಲಿ ನೆರಳಿನ ಜಾಗದಲ್ಲಿ ಎಲುಬಿನ ಎಳೆಗಳು ಸ್ಪಷ್ಟವಾಗಿ ಕಂಡವು. ಅಷ್ಟಾದರೂ ದಾರ ಕೆಂಪನ್ನೇ ಕಳಿಸುತ್ತಿತ್ತು. ಅದು ಹಸಿರಾದದ್ದು ಇನ್ನೊಂದು ಮಳೆಗಾಲ ಬಂದ ಮೇಲೆ, ಎಲ್ಲರೂ ಅದನ್ನು ನೋಡುವುದನ್ನೇ ಬಿಟ್ಟಿದ್ದಾಗ.

"ವಾಸಿ ಆತ್ರಿ" ಎಂದು ಮಂದಾಕಿನಿ ಹೇಳಿದಾಗ ದುರ್ಗಪ್ಪ ಕೈಮುಗಿದ. "ನಾ ಏನ್ ಮಾಡಿದ್ದಕ್ಕ ವಾಸಿ ಆತ್ರಿ ಬಾಯಾರ? ಅಕ್ಕೋರು ಏನ್ ಮಾಡಿದ್ದಕ್ಕ ಆಗಲಿಲ್ಲ? ಅವರು ನನಗಿಂತ ನೂರಪಾಲು ನೇಮದವರು." ದಿನವೂ ಊದಿದ್ದರಿಂದ ಎಲುಬು ಬೆಳೆಯಿತೇ ಎಂದು ಹುಲಿಗೆವ್ವ ಕೇಳಿದಳು. ಮಂದಾಕಿನಿಗೆ ಅದೂ ಗೊತ್ತಿರಲಿಲ್ಲ.

*

ಅವಳೂ ಇನಾಯತನೂ ಯೋಜನೆಯ ಸಮಿತಿಯ ಮುಂದೆ ಹೋಗಿ ಕೇಳಿದ್ದು ಒಂದೇ ಮಾತು. ಸಕ್ಕರೆ ಕಾಯಿಲೆ ಇದ್ದವರ ವಿಷಯದಲ್ಲಿ ಯಂತ್ರಕ್ಕೆ ತಿಳಿಯದಿದ್ದಾಗ, ತಿಳಿಯದು ಎಂದೇ ಅದು ಹೇಳಲಿ.

"ಯಂತ್ರಾನೇ ಗೊತ್ತಿಲ್ಲ ಅಂದ್ರೆ ಜನ ಯಾಕಮ್ಮ ಅದನ್ನ ಇಟ್ಕೋತಾರೆ?" ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು.

"ಅದು ಒಬ್ಬರ ಜೀವ ಉಳಿಸಲಿಕ್ಕೆ ನೋಡ್ತು ಸರ್, ನಾನು ತಡೆದೆ. ಇನ್ನೊಬ್ಬರ ಹಲ್ಲು ಕೀಳಲಿಕ್ಕೆ ನೋಡ್ತು, ಅದನ್ನೂ ನಾನು ತಡೆದೆ. ಎರಡೂ ಸಲ ಅದಕ್ಕೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವರ ಹಾಗೆ ಮಾತಾಡಿದ್ದು ಅದೊಂದೇ."

ಒಪ್ಪಿಸಲು ಬಹಳ ಓಡಾಡಬೇಕಾಯಿತು. ಕಡೆಗೆ ಮೂರನೆಯ ಬಣ್ಣ ಬಂತು, ಬೂದು. ಕೆಳಗೆ ಎರಡು ಮಾತು: ‘ತಿಳಿಯದು. ವೈದ್ಯರನ್ನು ಕಾಣಿರಿ.’ ಜನರಿಗೆ ಅದು ಹಿಡಿಸಲಿಲ್ಲ. ಕೆಂಪು ಬಂದರೆ ಅತ್ತು ಹಲ್ಲು ಕೀಳಿಸಿಕೊಂಡು ಹೋಗುತ್ತಿದ್ದವರು ಬೂದು ಬಂದಾಗ ಜಗಳ ತೆಗೆದರು. ಆಸ್ಪತ್ರೆಯ ಮೊಗಸಾಲೆ ತುಂಬಿ ತುಳುಕಿತು. ಕೆಲವರು ದಾರವನ್ನೇ ತೆಗೆದುಬಿಡಿ ಎಂದರು. ಸುಮ್ಮನೆ ಕಾಯಲು ಒಪ್ಪಿದವರಲ್ಲಿ ಕೆಲವರ ಹಲ್ಲು ಉಳಿಯಿತು, ಕೆಲವರದು ಉಳಿಯಲಿಲ್ಲ. ಅಕ್ಕೋರಿಗೆ ಆದಂತೆ ಮತ್ತೆ ಯಾರಿಗೂ ಆಗಬಾರದೆಂದು ಮಂದಾಕಿನಿ ಕಾಯುವವರನ್ನೆಲ್ಲ ಪದೇ ಪದೇ ಕರೆಸಿ ನೋಡುತ್ತಿದ್ದಳು.

ಹಾಗೆ ಒಂದು ಬೆಳಿಗ್ಗೆ ಮೊಗಸಾಲೆಯಲ್ಲಿ ಪದ್ಮಾವತಿ ಉಪಾಧ್ಯೆ ಕೂತಿದ್ದರು. ಗದ್ದದ ಕೆಳಗೆ ಗಾಯದ ಕಲೆ ಸೆರಗಿನ ಅಂಚಿನಲ್ಲಿ ಕಾಣುತ್ತಿತ್ತು. ಇನ್ನೊಂದು ಬದಿಯ ದವಡೆಹಲ್ಲಿಗೆ ಬೇರೆಡೆ ರೂಟ್ ಕೆನಾಲ್ ಮಾಡಿಸಿಕೊಂಡಿದ್ದರು. ಅದಕ್ಕೆ ಬೂದು ಬಂದಿತ್ತು. ಮಂದಾಕಿನಿ ತಾನೇ ಹೊರಗೆ ಹೋಗಿ ಅವರನ್ನು ಒಳಗೆ ಕರೆದುಕೊಂಡು ಬಂದಳು.

ಪದ್ಮಾವತಿ ಕುರ್ಚಿ ಹತ್ತಿ ಕೂತರು. "ಆ ಕ್ಲಾರ್ನೆಟ್ಟಿನವರ ಹಲ್ಲು ಉಳೀತಂತಲ್ಲ?"

"ಹೌದ್ರಿ ಅಕ್ಕೋರ."

"ಅವರಿಗೂ ನನಗೂ ಒಂದs ಲೆಕ್ಕ. ಎರಡು ಉತ್ತರ." ಅವರು ತಮ್ಮ ಚೀಲವನ್ನು ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡರು. "ಈಗ ಇದನ್ನೇನು ಮಾಡೂದು? ಕೀಳೂದೋ, ಕಾಯೂದೋ?"

"ನನಗ ಗೊತ್ತಿಲ್ರಿ."

"ಹುಡುಗ್ಯಾರು ಹಿಂಗಂದ್ರ ನಾ ಬೆಂಚಿನ ಮ್ಯಾಲ ನಿಲ್ಲಸ್ತಿದ್ದೆ."

ಪದ್ಮಾವತಿ ಅವಳನ್ನು ಸ್ವಲ್ಪ ಹೊತ್ತು ನೋಡಿದರು. ಅವರ ಮುಖದಲ್ಲಿ ಸಿಟ್ಟಿತ್ತೋ ಕರುಣೆಯಿತ್ತೋ ತಿಳಿಯುವಂತಿರಲಿಲ್ಲ.

"ಹೋದ ಸಲ ನೀವು ಎಲ್ಲಾ ತಿಳಿಸಿ ಹೇಳಿದ್ರಿ, ನಾ ತಿಳೀತು ಅಂತ ಮನೀಗೆ ಹೋಗಿ ಸುಮ್ಮನ ಕೂತೆ" ಎಂದರು. "ಈ ಸಲ ಸುಮ್ಮನ ಕೂಡಂಗಿಲ್ಲ. ಕಾಯೂಣು. ಆದ್ರ ನಾ ದಿನಾ ಬಂದು ಇಲ್ಲಿ ಕೂಡ್ತೀನಿ. ನೀವು ದಿನಾ ನೋಡಬೇಕು. ಬ್ಯಾಸರ ಆದ್ರೂ ನೋಡಬೇಕು. ಯಾವತ್ತು ನಿಮಗ ಅನುಮಾನ ಬರ್ತದ, ಅವತ್ತು ನನ್ನ ಕೇಳಬ್ಯಾಡ್ರಿ, ಕಿತ್ತುಬಿಡ್ರಿ."

"ಭಾನುವಾರ ಆಸ್ಪತ್ರಿ ತಗಿಯಂಗಿಲ್ರಿ" ಎಂದಳು ಮಂದಾಕಿನಿ. ಅವಳ ಬಾಯಿಗೆ ಬಂದದ್ದು ಅಷ್ಟೇ.

"ಭಾನುವಾರ ನೀವು ನಮ್ಮ ಮನೀಗೆ ಬರ್ರಿ."

ಅವರು ತಲೆಯನ್ನು ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿ, ಬಾಯಿ ಅಗಲಿಸಿದರು. ಮಂದಾಕಿನಿ ಕೈ ತೊಳೆದು ಬಂದು, ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಒಸಡಿನ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದಳು.

"ಇಲ್ಲಿ ನೋಯ್ತದೇನ್ರಿ?"

ಪದ್ಮಾವತಿ ಹೋದ ಸಲದ ಹಾಗೆ ತಟ್ಟನೆ ಇಲ್ಲ ಎನ್ನಲಿಲ್ಲ. ಯೋಚಿಸುತ್ತಿದ್ದರು. ಮಂದಾಕಿನಿ ಬೆರಳು ತೆಗೆಯದೆ ಕಾದಳು.